ಕರ್ಟ್ ಸೆಮ್

ಭದ್ರಾವತಿಯ ಬಾಲಕನೊಬ್ಬನಿಗೆ ಹೊಕ್ಕುಳ ಸುತ್ತ ನೋವು ಕಾಣಿಸಿಕೊಂಡು, ಕೆಲವು ಗಂಟೆಗಳಲ್ಲಿ ಹೊಟ್ಟೆಯ ಬಲಗಡೆಯ ಕೆಳಭಾಗಕ್ಕೆ ಇಳಿಯಿತೆನ್ನೋಣ. ಜ್ವರ, ವಾಂತಿಗಳೂ ಜೊತೆಗೂಡಿದರೆ ತಂದೆತಾಯಿಗಳು ಅವನನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕರೆದೊಯ್ಯುವುದುಂಟು. ದೊಡ್ಡ ಕರುಳಿನ ಮೊದಲಲ್ಲಿ ಬಾಲದಂತೆ ಜೋತುಬಿದ್ದಿರುವ ಅಪೆಂಡಿಕ್ಸ್ ಊದಿಕೊಂಡಿದ್ದರೆ ಅದನ್ನು ತೆಗೆಯಲು ಶಸ್ತ್ರವೈದ್ಯರು ಎರಡು ಮಾರ್ಗಗಳನ್ನು ಬಲ್ಲರು. ಹೊಟ್ಟೆಯನ್ನು ಕೊಯ್ದು ತೆರೆಯುವುದು ಹಳೆಯ ಮಾರ್ಗ. ಬೀಗದ ಕಂಡಿಯಂತಹ ಕಿರುರಂಧ್ರಗಳ ಮೂಲಕ ಕೆಲಸ ಮುಗಿಸುವುದು ಹೊಸ ಮಾರ್ಗ. ಪೂರ್ಣವಾಗಿ ಈ ಹೊಸ ಮಾರ್ಗದಿಂದಲೇ ಅಪೆಂಡಿಕ್ಸನ್ನು ಮೊದಲು ತೆಗೆದವನು ಕರ್ಟ್ ಸೆಮ್.

ಸೆಮ್ 1927ನೆಯ ಇಸವಿ ಮಾರ್ಚಿ 23ರಂದು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಜನಿಸಿದನು. ವೈದ್ಯವಿದ್ಯೆಗೆ ಮುನ್ನ ಅವನು ಕಲಿತದ್ದು ಉಪಕರಣಗಳನ್ನು ತಯಾರಿಸುವ ಕಸುಬನ್ನು. 1923ರಲ್ಲಿ ಕಬ್ಬಿಣದ ಕಾರ್ಖಾನೆಯನ್ನು ಕಂಡ ಭದ್ರಾವತಿಯಂತಹ ಊರಿನವರಿಗೆ ಈ ಕಸುಬಿನ ಬೆಲೆಯನ್ನು ವಿವರಿಸಬೇಕಾಗಿಲ್ಲ. ಲೋಹದ ಅಳತೆಯನ್ನು ಕೂದಲೆಳೆಯಷ್ಟೂ ತಪ್ಪದಂತೆ ನೋಡಿಕೊಳ್ಳುವ ಕೈಗಳೇ ಮುಂದೆ ಶಸ್ತ್ರವನ್ನು ಹಿಡಿದವು.

1970ರಲ್ಲಿ ಸೆಮ್ ಕೀಲ್ ನಗರದ ವಿಶ್ವವಿದ್ಯಾನಿಲಯದಲ್ಲಿ ಸ್ತ್ರೀರೋಗ ವಿಭಾಗದ ಮುಖ್ಯಸ್ಥನಾದನು. ಹೊಟ್ಟೆಯೊಳಗೆ ಕೊಳವೆಯನ್ನಿಳಿಸಿ ನೋಡುವ ಪದ್ಧತಿ ಹೊಸದೇನಲ್ಲ. 1901ರಲ್ಲಿಯೇ ಜರ್ಮನಿಯ ಕೆಲ್ಲಿಂಗ್ ಎಂಬ ವೈದ್ಯನು ನಾಯಿಯ ಮೇಲೆ ಅದನ್ನು ಮಾಡಿ ತೋರಿಸಿದ್ದನು. ಆದರೆ ನೋಡುವುದಷ್ಟೇ ಸೆಮ್‌ಗೆ ಸಾಲದಾಯಿತು. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ಅನಿಲವನ್ನು ತುಂಬಿ ಉಬ್ಬಿಸಿದರೆ ಒಳಗೆ ಕೈಯಾಡಿಸಲು ಅವಕಾಶವಾಗುತ್ತದೆ. ಒತ್ತಡ ಮೀರಿದರೆ ಅಪಾಯ. ಅದನ್ನು ತಾನಾಗಿಯೇ ಹದದಲ್ಲಿಡುವ ಯಂತ್ರವನ್ನು ಅವನು ರಚಿಸಿದನು. ರಕ್ತಸ್ರಾವವನ್ನು ತಡೆಯುವ ಸಾಧನವನ್ನೂ, ಒಳಗೇ ಬಿಗಿಯುವ ದಾರದ ಕುಣಿಕೆಯನ್ನೂ, ವೈದ್ಯರು ಅಭ್ಯಾಸ ಮಾಡಲು ಒಂದು ಪೆಟ್ಟಿಗೆಯನ್ನೂ ಮಾಡಿದನು. ಸಹೋದ್ಯೋಗಿಗಳಿಗಾದರೋ ಇದು ಹುಚ್ಚಾಗಿ ತೋರಿತು. ಅವನ ಮೆದುಳನ್ನೇ ಪರೀಕ್ಷಿಸಬೇಕೆಂದು ಅವರು ಪಟ್ಟುಹಿಡಿದರಂತೆ!

1980ರಲ್ಲಿ ಸೆಮ್ ರಂಧ್ರಗಳ ಮೂಲಕವೇ ಅಪೆಂಡಿಕ್ಸನ್ನು ಕಟ್ಟಿ, ಕತ್ತರಿಸಿ ಹೊರತೆಗೆದನು. ಸ್ತ್ರೀರೋಗ ವೈದ್ಯನು ತಮ್ಮ ಕ್ಷೇತ್ರಕ್ಕೆ ಕೈಹಾಕಿದನೆಂದು ಶಸ್ತ್ರವೈದ್ಯರು ಕೆರಳಿದರು. ಅವನು ವೃತ್ತಿ ನಡೆಸದಂತೆ ತಡೆಯಬೇಕೆಂದು ಅವರ ಸಂಘದ ಅಧ್ಯಕ್ಷನೇ ಪತ್ರ ಬರೆದನು. ಅಮೆರಿಕದ ಪತ್ರಿಕೆಯೊಂದು ಅವನ ಲೇಖನವನ್ನು ನೀತಿಬಾಹಿರವೆಂದು ಹಿಂದಿರುಗಿಸಿತು. ಅದು ಬೇರೆಡೆ ಬೆಳಕು ಕಂಡದ್ದು 1983ರಲ್ಲಿ. ವಿರೋಧಿಗಳ ಅಂಜಿಕೆ ತೀರ ನಿರಾಧಾರವೆನ್ನುವಂತಿಲ್ಲ: ಕಾಣದ ಕಡೆ ಕರುಳಿಗೆ ಗಾಯವಾದರೆ ಗತಿಯೇನು? ಆದರೆ ಪರೀಕ್ಷಿಸಿ ನೋಡುವ ಮೊದಲೇ ಬಾಯಿ ಮುಚ್ಚಿಸಹೊರಟದ್ದು ವಿದ್ವಾಂಸರಿಗೆ ಶೋಭಿಸುವ ಕೆಲಸವಲ್ಲ.

1985ರಲ್ಲಿ ಎರಿಕ್ ಮ್ಯೂಹೆ ಎಂಬ ಜರ್ಮನ್ ಶಸ್ತ್ರವೈದ್ಯನು ಇದೇ ಬಗೆಯಲ್ಲಿ ಪಿತ್ತಕೋಶವನ್ನು ತೆಗೆದನು. ಮುಂದಿನ ದಶಕದಲ್ಲಿ ಈ ಪದ್ಧತಿ ಲೋಕವನ್ನೆಲ್ಲ ವ್ಯಾಪಿಸಿತು. ಮಕ್ಕಳ ಚಿಕಿತ್ಸೆಗೂ ಬಂದಿತು. ಇದರಲ್ಲಿ ಗಾಯವು ಕೀವಾಗುವುದು ಕಡಿಮೆ, ನೋವೂ ಕಡಿಮೆ. ಮಗು ಬೇಗ ಶಾಲೆಗೆ ಮರಳುತ್ತದೆ. ಆದರೂ ಹಳೆಯ ಮಾರ್ಗ ಮುಚ್ಚಿಹೋಗಿಲ್ಲ. ಎಳೆಯ ಮಕ್ಕಳು ನೋವಿನ ಎಡೆಯನ್ನು ಸರಿಯಾಗಿ ಹೇಳಲಾರರು; ಅಪೆಂಡಿಕ್ಸ್ ಒಡೆದ ಮೇಲೆ ಆಸ್ಪತ್ರೆ ಸೇರುವವರು ಅವರಲ್ಲಿ ಹೆಚ್ಚು. ಆಗಲೂ, ಯಂತ್ರವೋ ನುರಿತ ಕೈಯೋ ಇಲ್ಲದ ಕಡೆಯೂ, ಹೊಟ್ಟೆಯನ್ನು ತೆರೆದೇ ಜೀವ ಉಳಿಸಬೇಕಾಗಬಹುದು.

ಸೆಮ್ ತನ್ನ ಕೊನೆಯ ದಿನಗಳನ್ನು ಅಮೆರಿಕದಲ್ಲಿ ಕಳೆದನು. 2003ರ ಜುಲೈ 16ರಂದು ಆರಿಜೋನಾ ಸಂಸ್ಥಾನದ ಟೂಸಾನ್ ನಗರದಲ್ಲಿ ತೀರಿಕೊಂಡನು. ಆಗ ಅವನಿಗೆ 76 ವರ್ಷ.