ತಾಯಂದಿರ ಸೇವಕಿ ಡಾಕ್ಟರ್ ಐಡಾ ಸ್ಕಡರ್

ತಾಯಂದಿರ ಪ್ರಾಣರಕ್ಷಣೆಗಾಗಿ ತಮ್ಮ ಆಯುಷ್ಯವನ್ನೆಲ್ಲ ಸವೆಸಿದ ಸ್ತ್ರೀರತ್ನಗಳಲ್ಲಿ ವೆಲ್ಲೂರಿನ ಡಾಕ್ಟರ್ ಐಡಾ ಸ್ಕಡರ್‌ರವರು ಅಗ್ರಗಣ್ಯರು. ಇವರ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಸಂಕ್ಷೇಪವಾಗಿ ಅರಿಕೆ ಮಾಡುತ್ತೇವೆ.

ಇವರು 1870ನೆಯ ಇಸವಿ ಡಿಸೆಂಬರ್ 9ರಂದು ರಾಣಿಪೇಟೆಯಲ್ಲಿ ಅಮೆರಿಕಾದ ಮಿಷನರಿ ವೈದ್ಯರೊಬ್ಬರ ಪುತ್ರಿಯಾಗಿ ಜನಿಸಿದರು. ಬಾಲ್ಯದಲ್ಲಿ ಕ್ಷಾಮದ ಸಂಕಟವನ್ನು ಕಣ್ಣಾರೆ ಕಂಡಿದ್ದ ಇವರಿಗೆ ಈ ದೇಶದಲ್ಲಿ ನೆಲೆಸುವ ಮನಸ್ಸೇ ಇರಲಿಲ್ಲ. ಅಮೆರಿಕಾದಲ್ಲಿ ಓದು ಮುಗಿಸಿ, ತಾಯಿಯ ಅಸ್ವಸ್ಥತೆಯ ನಿಮಿತ್ತ ಮಾತ್ರ ತಿಂಡಿವನಕ್ಕೆ ಬಂದರು.

ಅಲ್ಲಿ ಒಂದು ರಾತ್ರಿ ಮೂವರು ಗೃಹಸ್ಥರು ಒಬ್ಬರಾದ ಮೇಲೊಬ್ಬರು ಬಾಗಿಲು ತಟ್ಟಿದರು. ಮೂವರ ಪತ್ನಿಯರೂ ಪ್ರಸವವೇದನೆಯಿಂದ ನರಳುತ್ತಿದ್ದರು. ಐಡಾರವರು ಆಗ ವೈದ್ಯವನ್ನು ಕಲಿತವರಲ್ಲ. ಕಲಿತಿದ್ದ ತಂದೆಯವರನ್ನೋ, ಪರಪುರುಷರೆಂಬ ಕಾರಣದಿಂದ, ಅವರಾರೂ ಒಳಗೆ ಕರೆಯಲೊಲ್ಲರು. ಬೆಳಗಾಗುವಷ್ಟರಲ್ಲಿ ಮೂವರು ತಾಯಂದಿರೂ ಮೃತರಾಗಿದ್ದರು. ಇದನ್ನು ದೇವರ ಕರೆಯೆಂದೇ ಅಂಗೀಕರಿಸಿ, ಐಡಾರವರು ವೈದ್ಯವಿದ್ಯೆಗಾಗಿ ಮರಳಿ ಅಮೆರಿಕಾಕ್ಕೆ ಹೋದರು.

1899ರಲ್ಲಿ ಕಾರ್ನೆಲ್ ವಿದ್ಯಾಲಯದಲ್ಲಿ ತೇರ್ಗಡೆ ಹೊಂದಿ, 1900ರಲ್ಲಿ ವೆಲ್ಲೂರಿನಲ್ಲಿ ಸೇವೆಗೆ ತೊಡಗಿದರು. 1902ರಲ್ಲಿ 40 ಹಾಸಿಗೆಗಳ ಸ್ತ್ರೀಯರ ಆಸ್ಪತ್ರೆಯು ತೆರೆಯಿತು. ಆದರೆ ವೈದ್ಯರೊಬ್ಬರೇ ಹಗಲಿರುಳು ಎಲ್ಲರ ಬಳಿಯಲ್ಲಿ ಇರಲಾದೀತೇ? ಗರ್ಭಿಣಿಯ ನಾಡಿಯನ್ನು ನೋಡುವುದು, ಶಿಶುವಿನ ಎದೆಬಡಿತವನ್ನು ಆಲಿಸುವುದು, ರಕ್ತಸ್ರಾವವನ್ನು ಮೊದಲಿಗೇ ಗುರುತಿಸುವುದು, ಇವೆಲ್ಲಕ್ಕೂ ತರಬೇತಾದ ದಾದಿಯರು ಬೇಕು. 1909ರಲ್ಲಿ ದಾದಿಯರ ಶಾಲೆಯನ್ನೂ, 1918ರಲ್ಲಿ ಸ್ತ್ರೀಯರ ವೈದ್ಯಶಾಲೆಯನ್ನೂ ಸ್ಥಾಪಿಸಿದರು. 1946ರಲ್ಲಿ ಅಲ್ಲಿ ಶುಶ್ರೂಷೆಯ ಪದವಿ ಶಿಕ್ಷಣವೂ ಆರಂಭವಾಯಿತು. ಅವಿವಾಹಿತರಾಗಿಯೇ ಉಳಿದು ಸೇವೆಗೈದ ಇವರು 1960ನೆಯ ಇಸವಿ ಮೇ 24ರಂದು ಕೊಡೈಕನಾಲಿನಲ್ಲಿ ಪ್ರಭುವಿನಲ್ಲಿ ನಿದ್ರೆಹೋದರು.

ಪ್ರಿಯರೇ, ಆ ಮೂವರ ಪ್ರಾಣವನ್ನು ತೆಗೆದದ್ದು ಕೇವಲ ಪ್ರಸವಕಷ್ಟವಲ್ಲ. ಸಂಕೋಚವೂ ಅದರಲ್ಲಿ ಪಾಲುಗೊಂಡಿತ್ತು. ಆ ಸಂಕೋಚವು ಇನ್ನೂ ನಮ್ಮ ಮನೆಗಳನ್ನು ಬಿಟ್ಟುಹೋಗಿಲ್ಲ. ಮುಟ್ಟಿನ ನೋವು ದಿನಗೆಲಸವನ್ನೇ ತಡೆಯುವಷ್ಟು ತೀವ್ರವಾಗಿದ್ದರೆ, ಮಗಳು ಅದನ್ನು ನುಂಗಿಕೊಂಡಿರುವಂತೆ ಮಾಡಬೇಡಿರಿ, ವೈದ್ಯರಿಗೆ ತೋರಿಸಿರಿ. ಗರ್ಭಿಣಿಗೆ ರಕ್ತಸ್ರಾವ, ಬಿಡದ ತಲೆನೋವು, ಕಣ್ಣು ಮಂಜಾಗುವಿಕೆ, ಮುಖದ ಬಾವು, ಇಲ್ಲವೆ ಶಿಶುವಿನ ಚಲನೆಯ ಇಳಿತ ಕಂಡರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಿರಿ. ದಾದಿಯ ಕೆಲಸವನ್ನು ಕಲಿಯಬೇಕೆಂದು ನಿಮ್ಮ ಮಗಳು ಕೇಳಿಕೊಂಡರೆ, ಅದು ನಮ್ಮಂಥವರಿಗೆ ತಕ್ಕುದಲ್ಲವೆಂದು ತಡೆಯದಿರಿ. ಯಾವ ಮನೆಯ ಬಾಗಿಲಲ್ಲಿ ಯಾವ ರಾತ್ರಿ ಅವಳ ಅಗತ್ಯ ಬೀಳುವುದೋ ಬಲ್ಲವರಾರು?