ಬರಡು ನೆಲವನ್ನು ಅರಸಿ ಹೋದ ವಿಜ್ಞಾನಿ



ಶೇಂಗಾ ಕೀಳುವಾಗ ಗಿಡದ ಬೇರನ್ನು ಒಮ್ಮೆ ಕಣ್ಣಿಟ್ಟು ನೋಡಿ. ಸಾಸಿವೆ ಕಾಳಿನಂಥ ಸಣ್ಣ ಗಂಟುಗಳು ಕಾಣುತ್ತವೆ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುವ ಸೂಕ್ಷ್ಮಜೀವಿಗಳು ಆ ಗಂಟುಗಳಲ್ಲಿ ವಾಸಿಸುತ್ತವೆ. ಈ ತಿಳಿವಳಿಕೆಯನ್ನು ಅಮೆರಿಕದ ದಕ್ಷಿಣ ಭಾಗದ ಬಡ ರೈತರ ಗುಡಿಸಲಿಗೆ ಮುಟ್ಟಿಸಲು ಒಬ್ಬ ವಿಜ್ಞಾನಿ ತಮ್ಮ ಸುಖದ ಹುದ್ದೆಯನ್ನು ಬಿಟ್ಟು ಹೊರಟರು. ಅವರ ಹೆಸರು ಜಾರ್ಜ್ ವಾಷಿಂಗ್ಟನ್ ಕಾರ್ವರ್.

ಕಾರ್ವರ್ ಹುಟ್ಟಿದ್ದು ಸುಮಾರು 1864ರಲ್ಲಿ, ಮಿಸೌರಿ ರಾಜ್ಯದ ಡೈಮಂಡ್ ಎಂಬ ಊರಿನ ಬಳಿಯ ಒಂದು ಹೊಲದ ಮನೆಯಲ್ಲಿ. ತಾಯಿ ಮೇರಿ ಗುಲಾಮಳು. ಹಸುಗೂಸಾಗಿದ್ದಾಗಲೇ ಕಳ್ಳರು ತಾಯಿ ಮಗು ಇಬ್ಬರನ್ನೂ ಹೊತ್ತೊಯ್ದರು. ಮಾಲೀಕ ಮೋಸಸ್ ಕಾರ್ವರ್ ಒಂದು ಕುದುರೆಯನ್ನು ಕೊಟ್ಟು ಮಗುವನ್ನು ಬಿಡಿಸಿಕೊಂಡ. ತಾಯಿ ಮಾತ್ರ ಮತ್ತೆ ಸಿಗಲೇ ಇಲ್ಲ. ಗುಲಾಮಗಿರಿ ರದ್ದಾದ ಮೇಲೆ ಮೋಸಸ್ ದಂಪತಿಗಳೇ ಹುಡುಗನನ್ನು ಸಾಕಿದರು. ಬಡಕಲು ದೇಹದ ಹುಡುಗನಿಗೆ ಹೊಲದ ಭಾರಿ ಕೆಲಸ ಆಗುತ್ತಿರಲಿಲ್ಲ. ಮನೆಗೆಲಸ ಮುಗಿಸಿ ಕಾಡು ಸುತ್ತಿ ಗಿಡ ತಂದು ನೆಡುತ್ತಿದ್ದ. ಸೊರಗಿದ ಗಿಡಗಳನ್ನು ಚೇತರಿಸುವ ಅವನ ಕೈಗುಣ ಕಂಡು ಸುತ್ತಲಿನವರು ಅವನನ್ನು ಗಿಡಗಳ ವೈದ್ಯನೆಂದೇ ಕರೆದರು.

ಹತ್ತಿರದ ಶಾಲೆಗೆ ಕಪ್ಪು ಮಕ್ಕಳನ್ನು ಸೇರಿಸುತ್ತಿರಲಿಲ್ಲ. ಅಕ್ಷರದ ಹಸಿವಿನಿಂದ ಹುಡುಗ ಮನೆ ಬಿಟ್ಟು ಎಂಟು ಮೈಲಿ ದೂರದ ನಿಯೋಶೋ ಎಂಬ ಊರಿಗೆ ನಡೆದ. ಅಲ್ಲಿ ಮರಾಯಾ ವಾಟ್ಕಿನ್ಸ್ ಎಂಬ ಸೂಲಗಿತ್ತಿ ಅವನಿಗೆ ಆಸರೆ ಕೊಟ್ಟಳು. ಒಂದು ಬೈಬಲ್ಲನ್ನೂ ಕೊಟ್ಟಳು. ಆ ಬೈಬಲ್ಲನ್ನು ಕಾರ್ವರ್ ಕೊನೆಯವರೆಗೂ ಜೋಪಾನ ಮಾಡಿದರು. ಕಲಿತ ವಿದ್ಯೆಯನ್ನು ತನ್ನವರಿಗೆ ಹಿಂತಿರುಗಿಸಬೇಕೆಂಬ ಮಾತು ಅವರ ಮನಸ್ಸಿನಲ್ಲಿ ಬೇರುಬಿಟ್ಟದ್ದು ಆ ಮನೆಯಲ್ಲೇ.

ಮುಂದಿನ ದಾರಿ ಸುಲಭವಾಗಿರಲಿಲ್ಲ. ಕಾನ್ಸಾಸ್ ರಾಜ್ಯದ ಒಂದು ಕಾಲೇಜು ಕಾಗದದ ಮೂಲಕ ಪ್ರವೇಶ ಕೊಟ್ಟಿತು. ಬಾಗಿಲಿಗೆ ಹೋಗಿ ನಿಂತಾಗ ಮೈಬಣ್ಣ ನೋಡಿ ಹಿಂದಕ್ಕೆ ಕಳಿಸಿತು. ಕೆಲವು ಕಾಲ ಕಾನ್ಸಾಸ್ ಬಯಲಿನಲ್ಲಿ ಹುಲ್ಲುಹೆಂಟೆಯ ಗೋಡೆಯ ಮನೆ ಕಟ್ಟಿಕೊಂಡು ಒಂಟಿಯಾಗಿ ಬೇಸಾಯ ಮಾಡಿದರು. 1890ರಲ್ಲಿ ಅಯೋವಾ ರಾಜ್ಯದ ಸಿಂಪ್ಸನ್ ಕಾಲೇಜು ಸೇರಿಸಿಕೊಂಡಿತು. ಪರರ ಬಟ್ಟೆ ಒಗೆದು ಹೊಟ್ಟೆ ಹೊರೆದು ಚಿತ್ರಕಲೆ ಕಲಿತರು. ಅವರು ಬರೆದ ಗಿಡಗಳ ಚಿತ್ರ ಕಂಡ ಗುರು ಎಟ್ಟಾ ಬಡ್ ಸಸ್ಯಶಾಸ್ತ್ರ ಓದಲು ಪ್ರೇರೇಪಿಸಿದರು. ಹೀಗೆ 1891ರಲ್ಲಿ ಏಮ್ಸ್ ಪಟ್ಟಣದ ಅಯೋವಾ ಕೃಷಿ ಕಾಲೇಜು ಸೇರಿದರು. ಅಲ್ಲಿ ಓದಿದ ಮೊದಲ ಕಪ್ಪು ವಿದ್ಯಾರ್ಥಿ ಅವರೇ. ಮುಂದೆ ಅಲ್ಲಿನ ಮೊದಲ ಕಪ್ಪು ಅಧ್ಯಾಪಕರೂ ಅವರೇ ಆದರು.

ಈಗ ಅವರ ಸ್ಥಿತಿಯನ್ನು ಸ್ವಲ್ಪ ಯೋಚಿಸಿ. ಕೈಗೆ ಗಾಜಿನ ಸಸ್ಯಗೃಹ, ಸೂಕ್ಷ್ಮದರ್ಶಕ, ಗೌರವಿಸುವ ಗುರುಗಳು, ಸಸ್ಯಗಳಿಗೆ ತಗಲುವ ಬೂಷ್ಟು ರೋಗಗಳ ಸಂಶೋಧನೆ. ಬೇಸರವಾದರೆ ಚಿತ್ರ ಬರೆಯಲು ಬಣ್ಣ, ಕುಂಚ. ಅಲೆದು ಅಲೆದು ಬಂದ ಅನಾಥನಿಗೆ ಕೊನೆಗೂ ಒಂದು ನೆಲೆ ಸಿಕ್ಕಿತ್ತು. ಅಂಥ ಹೊತ್ತಿನಲ್ಲೇ, 1896ರಲ್ಲಿ, ಅಲಬಾಮಾ ರಾಜ್ಯದ ಟಸ್ಕೆಗೀ ವಿದ್ಯಾಸಂಸ್ಥೆಯಿಂದ ಬೂಕರ್ ವಾಷಿಂಗ್ಟನ್ ಅವರ ಕರೆ ಬಂತು. ಕಪ್ಪು ಜನರ ಮಕ್ಕಳಿಗಾಗಿ ಕಟ್ಟಿದ ಆ ಶಾಲೆಯಲ್ಲಿ ಕೃಷಿ ವಿಭಾಗ ನಡೆಸಬೇಕು. ದೇವರು ತನಗೆ ವಿದ್ಯೆ ಕೊಟ್ಟದ್ದು ಈ ಕೆಲಸಕ್ಕೇ ಎಂದು ನಂಬಿ ಕಾರ್ವರ್ ಒಪ್ಪಿಕೊಂಡರು. ಚಿತ್ರಕಾರನಾಗುವ ಆಸೆಯನ್ನು ಬದಿಗಿಟ್ಟರು.

ಟಸ್ಕೆಗೀಯಲ್ಲಿ ಪ್ರಯೋಗಶಾಲೆಯೇ ಇರಲಿಲ್ಲ. ವಿದ್ಯಾರ್ಥಿಗಳನ್ನು ಕರೆದುಕೊಂಡು ಕಸದ ರಾಶಿಯಿಂದ ಒಡಕು ಬಾಟಲಿ, ಹಳೆ ಡಬ್ಬಿ, ತಂತಿ ಆರಿಸಿ ತಂದು ಸಲಕರಣೆ ಮಾಡಿಕೊಂಡರು. ಪ್ರಯೋಗಕ್ಕೆ ಸಿಕ್ಕಿದ್ದು ಕೊರಕಲು ಬಿದ್ದ, ಸತ್ವಹೀನ ಜಮೀನು. ಗಿಡಗಳ ಮಾದರಿ ಇಡಲು ಒಂದು ಕೋಣೆ ಹೆಚ್ಚಿಗೆ ಕೇಳಿದ್ದಕ್ಕೆ ಸಹೋದ್ಯೋಗಿಗಳು ಮುನಿಸಿಕೊಂಡರು. ಪಾಠ, ಸಂಶೋಧನೆಗಳ ಜೊತೆಗೆ ಕೋಳಿಸಾಕಣೆಯ ಹೊಣೆಯೂ ತಲೆಗೆ ಬಂತು. ಲೆಕ್ಕಪತ್ರ, ಆಡಳಿತ ಅವರಿಗೆ ಒಗ್ಗದ ಕೆಲಸ. ಅದಕ್ಕಾಗಿ ಬೂಕರ್ ಅವರಿಂದ ಹಲವು ಸಲ ಬೈಸಿಕೊಂಡರು. ಬಿಟ್ಟುಹೋಗುವ ಮಾತನ್ನೂ ಆಡಿದರು. ಆದರೆ ಹೋಗಲಿಲ್ಲ.

ಅವರನ್ನು ತಡೆದದ್ದು ಸುತ್ತಲಿನ ರೈತರ ಪಾಡು. ಹೆಚ್ಚಿನವರು ಪರರ ಭೂಮಿಯನ್ನು ಕೋರಿಗೆ ಮಾಡುವವರು. ಗುಡಿಸಲಿನ ಬಾಗಿಲವರೆಗೂ ಹತ್ತಿ, ವರ್ಷ ವರ್ಷವೂ ಹತ್ತಿ. ಧಣಿಯ ಅಂಗಡಿಯ ಸಾಲ ತೀರುತ್ತಿರಲಿಲ್ಲ. ಮನೆಯಲ್ಲಿ ತರಕಾರಿಯೂ ಇರಲಿಲ್ಲ. ಕಾರ್ವರ್ ಹೇಳಿಕೊಟ್ಟದ್ದು ಕಾಸಿಲ್ಲದ ಉಪಾಯಗಳನ್ನು: ಕಾಡಿನ ಎಲೆ, ಜೌಗು ನೆಲದ ಮಣ್ಣು ಒಟ್ಟಿ ಕಳಿಸಿದ ಗೊಬ್ಬರ, ಹತ್ತಿಯ ನಂತರ ಅಲಸಂದೆ ಇಲ್ಲವೆ ಶೇಂಗಾ, ಉಣ್ಣಲು ಗೆಣಸು. ಸರಳ ಭಾಷೆಯಲ್ಲಿ ನಲವತ್ತಕ್ಕೂ ಹೆಚ್ಚು ಕೈಪಿಡಿಗಳನ್ನು ಬರೆದರು. ಓದು ಬಾರದವರಿಗೇನು ದಾರಿ? 1906ರಲ್ಲಿ ಹೇಸರಗತ್ತೆ ಎಳೆಯುವ ಒಂದು ಗಾಡಿ ಹೊರಟಿತು. ನೇಗಿಲು, ಬೀಜ, ಬೆಣ್ಣೆ ಕಡೆಯುವ ಯಂತ್ರಗಳನ್ನು ತುಂಬಿಕೊಂಡು ಶಾಲೆಯೇ ಹಳ್ಳಿಗೆ ಹೋಯಿತು.

1910ರ ಸುಮಾರಿಗೆ ಅಲಬಾಮಾಕ್ಕೆ ಹತ್ತಿಯ ಮೂತಿಹುಳು ಕಾಲಿಟ್ಟು ಬೆಳೆಯನ್ನು ತಿಂದುಹಾಕಿತು. ಹತ್ತಿಯನ್ನೇ ನಂಬಿದವರು ಕುಸಿದರು. ಅನೇಕರು ಶೇಂಗಾದತ್ತ ತಿರುಗಿದರು. 1916ರಲ್ಲಿ ಕಾರ್ವರ್ ಶೇಂಗಾ ಬೆಳೆಯುವ ಕ್ರಮವನ್ನೂ ಅದರ 105 ಬಗೆಯ ಅಡಿಗೆಗಳನ್ನೂ ಕೈಪಿಡಿಯಾಗಿ ಹೊರತಂದರು. 1921ರಲ್ಲಿ ಆಮದು ಸುಂಕದ ವಿಚಾರವಾಗಿ ಸಂಸತ್ತಿನ ಸಮಿತಿಯ ಮುಂದೆ ಮಾತನಾಡಲು ಅವರಿಗೆ ಸಿಕ್ಕಿದ್ದು ಹತ್ತೇ ನಿಮಿಷ. ಮೊದಲು ಕುಹಕವಾಡಿದ ಸದಸ್ಯರೇ ಆಮೇಲೆ ಅವಧಿಯನ್ನು ಮತ್ತೆ ಮತ್ತೆ ಹೆಚ್ಚಿಸಿ ಕೇಳಿದರು.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಶೇಂಗಾ ಬೆಣ್ಣೆಯನ್ನು ಕಂಡುಹಿಡಿದವರು ಕಾರ್ವರ್ ಎಂದು ಹಲವರು ಹೇಳುತ್ತಾರೆ, ಅದು ಸರಿಯಲ್ಲ. ಅವರು ತಯಾರಿಸಿದ ನೂರಾರು ಪದಾರ್ಥಗಳಲ್ಲಿ ಮಾರುಕಟ್ಟೆಯಲ್ಲಿ ನಿಂತವು ಬಹಳ ಕಡಿಮೆ. ಅವರು ಪಡೆದ ಹಕ್ಕುಪತ್ರಗಳು ಮೂರೇ ಮೂರು. ಕೋರು ರೈತನ ಬಡತನವೂ ಅವರಿಂದ ನೀಗಲಿಲ್ಲ. ಭೂಮಿ ಧಣಿಯ ಕೈಯಲ್ಲೇ ಉಳಿಯಿತು. ಆದರೂ ನೆಲಕ್ಕೆ ಬಲ, ತಟ್ಟೆಗೆ ಕಾಳು ಬರುವ ದಾರಿಯನ್ನು ಅವರು ತೋರಿಸಿದರು.

ದಿನವೂ ನಸುಕಿನಲ್ಲೆದ್ದು ಕಾಡಿನಲ್ಲಿ ನಡೆದು ಪ್ರಾರ್ಥಿಸುವುದು ಅವರ ರೂಢಿ. ವಾರಕ್ಕೊಮ್ಮೆ ವಿದ್ಯಾರ್ಥಿಗಳಿಗೆ ಬೈಬಲ್ ಪಾಠ ಹೇಳುತ್ತಿದ್ದರು. ಮದುವೆಯಾಗಲಿಲ್ಲ, ವಿದ್ಯಾಸಂಸ್ಥೆಯ ಆವರಣದಲ್ಲೇ ಸರಳವಾಗಿ ಬಾಳಿದರು. ಕೂಡಿಟ್ಟ ಸುಮಾರು 60,000 ಡಾಲರುಗಳನ್ನು ಕೃಷಿ ಸಂಶೋಧನೆಗೆ ಬಿಟ್ಟುಕೊಟ್ಟರು. 1943ರ ಜನವರಿ 5ರಂದು ಟಸ್ಕೆಗೀಯಲ್ಲೇ ತೀರಿಕೊಂಡರು. 46 ವರ್ಷಗಳ ಹಿಂದೆ ಬಂದಿಳಿದ ಕೆಂಪು ನೆಲದಲ್ಲೇ, ಬೂಕರ್ ಅವರ ಸಮಾಧಿಯ ಪಕ್ಕದಲ್ಲಿ, ಅವರನ್ನು ಮಣ್ಣು ಮಾಡಲಾಯಿತು.

ನಿಮಗೂ ಒಂದು ಕಿವಿಮಾತು. ಶೇಂಗಾ ಗಿಡವನ್ನು ಬುಡಸಮೇತ ಕಿತ್ತು ಹೊಟ್ಟು, ಬಳ್ಳಿ ಎಲ್ಲವನ್ನೂ ಸಾಗಿಸಿಬಿಟ್ಟರೆ ಬೇರುಗಂಟಿನ ಲಾಭ ನೆಲಕ್ಕೆ ಅಷ್ಟಾಗಿ ದಕ್ಕದು. ಬಳ್ಳಿಯನ್ನು ದನಕ್ಕೆ ಹಾಕಿದರೆ ಅದರ ಗೊಬ್ಬರವನ್ನಾದರೂ ಅದೇ ಹೊಲಕ್ಕೆ ಮರಳಿಸಿ. ವಾಚನಾಲಯದಲ್ಲಿ ಇದನ್ನು ಓದಿದ ನೀವು ಇಂದು ಸಂಜೆ ಕಟ್ಟೆಯ ಮೇಲೆ ಕುಳಿತ, ಅಕ್ಷರ ಬಾರದ ನೆರೆಯವರಿಗೂ ಇಷ್ಟನ್ನು ಹೇಳಿ. ಕಾರ್ವರ್ ಅವರ ಗಾಡಿ ಊರೂರು ತಿರುಗಿದ್ದು ಅಂಥವರಿಗಾಗಿಯೇ.