ಸೋಪಿನ ಡಬ್ಬಿಯ ಹಿಂದಿನ ಮಹಾರಾಜರು

ದಸರಾ ಬಂತು ಅಂದ್ರೆ ಜಯನಗರ 4ನೇ ಬ್ಲಾಕಿನಲ್ಲಿ ಕಾಲಿಡೋಕೆ ಜಾಗ ಇರಲ್ಲ. ಒಂದು ಕಡೆ ಗೊಂಬೆ, ಇನ್ನೊಂದು ಕಡೆ ಬಳೆ, ನಡುವೆ ಹೊಸ ಲಿಪ್‌ಸ್ಟಿಕ್ಕು, ಹೊಸ ಕ್ರೀಮು, ಹೊಸ ಸೆಂಟು. ದೊಡ್ಡ ಕಂಪನಿಗಳು ಇದನ್ನೆಲ್ಲ ಫಾಲ್ ಕಲೆಕ್ಷನ್ ಅಂತ ಹೆಸರಿಟ್ಟು ಕಳಿಸ್ತಾವೆ. ನಮ್ಮೂರಲ್ಲಿ ಅಕ್ಟೋಬರ್ ತಿಂಗಳಲ್ಲಿ ಉದುರೋದು ಎಲೆ ಅಲ್ಲ, ಮಳೆ. ಆದ್ರೂ ಪರವಾಗಿಲ್ಲ, ಶರದೃತು ಅನ್ನೋ ಒಳ್ಳೆ ಹೆಸರು ನಮ್ಮಲ್ಲೂ ಇದೆ. ಜೆ.ಪಿ. ನಗರದ ಮಾಲುಗಳಲ್ಲಿ ಟೆಸ್ಟರ್ ತಗೊಂಡು ಮಣಿಕಟ್ಟಿಗೆ ಹಚ್ಚಿ, ಮೂಸಿ ನೋಡಿ, ಬೆಲೆ ಓದಿ ಮೆಲ್ಲಗೆ ವಾಪಸ್ ಇಡೋದು ಬಿ.ಟಿ.ಎಂ. ಪಿ.ಜಿ.ಗಳಲ್ಲಿರೋ ನಮ್ಮಂಥವರಿಗೆ ಅಭ್ಯಾಸವಾದ ಕೆಲಸವೇ.

ಆ ದುಬಾರಿ ಬಾಟಲಿಗಳ ಹಿಂಬದಿಯನ್ನು ಒಂದ್ಸಲ ಓದಿ ನೋಡಿ. ಎಷ್ಟೋ ಬಾಟಲಿಗಳಲ್ಲಿ ಶ್ರೀಗಂಧ ಅಂತ ಬರೆದಿರುತ್ತೆ. ನಮ್ಮ ಕಾಡಿನ ಮರ ಪ್ಯಾರಿಸ್ ಸುತ್ತಿ ಬಂದು ನಮಗೇ ಸಾವಿರಾರು ರೂಪಾಯಿಗೆ ಮಾರಾಟ ಆಗೋ ಈ ಕಥೆ ಇವತ್ತಿನದಲ್ಲ. ನೂರು ವರ್ಷದ ಹಿಂದೆ ಒಬ್ಬರು ಈ ದಾರಿಯನ್ನು ತಿರುಗಿಸೋ ಪ್ರಯತ್ನ ಮಾಡಿದರು. ಮೆಜೆಸ್ಟಿಕ್ ಕಡೆಯಿಂದ ಬನಶಂಕರಿಗೆ ಬರುವಾಗ ಕೆ.ಆರ್. ರೋಡ್ ಸಿಗುತ್ತಲ್ಲ, ಆ ಕೃಷ್ಣರಾಜರೇ ಅವರು. ನಾಲ್ವಡಿ ಕೃಷ್ಣರಾಜ ಒಡೆಯರ್. ಅಣೆಕಟ್ಟು, ವಿಶ್ವವಿದ್ಯಾಲಯ, ಕರೆಂಟು ಅಂತ ಅವರ ಬಗ್ಗೆ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಈ ಸಲ ನಾವು ಅವರ ಬದುಕನ್ನು ಗಂಧದ ಕಡೆಯಿಂದ ಹೇಳೋಣ ಅಂತ ಹೊರಟಿದ್ದೇವೆ.

ಹುಟ್ಟಿದ್ದು 1884ರ ಜೂನ್ 4. ಹತ್ತು ವರ್ಷದ ಹುಡುಗನಾಗಿದ್ದಾಗ, 1894ರ ಡಿಸೆಂಬರ್ ಕೊನೆಗೆ, ತಂದೆ ಚಾಮರಾಜೇಂದ್ರ ಒಡೆಯರ್ ಕಲ್ಕತ್ತೆಯಲ್ಲಿ ಗಂಟಲುಮಾರಿಯಿಂದ ತೀರಿಕೊಂಡರು. ಒಂದೇ ತಿಂಗಳಲ್ಲಿ ಹುಡುಗನಿಗೆ ಪಟ್ಟ. ರಾಜ್ಯ ನೋಡಿಕೊಂಡಿದ್ದು ತಾಯಿ ಕೆಂಪನಂಜಮ್ಮಣ್ಣಿಯವರು. ಬಸವನಗುಡಿಯ ವಾಣಿವಿಲಾಸ ರಸ್ತೆಯ ವಾಣಿವಿಲಾಸ ಅಂದ್ರೆ ಇವರೇ. ಸುಮಾರು ಏಳು ವರ್ಷ ರೀಜೆಂಟ್ ಆಗಿ ಆಡಳಿತ ನಡೆಸಿದರು, ಅದೂ ಸುಲಭದ ಕಾಲದಲ್ಲಿ ಅಲ್ಲ. 1897ರಲ್ಲಿ ಮಗಳ ಮದುವೆಯ ಹೊತ್ತಿಗೆ ಮೈಸೂರಿನ ಮರದ ಅರಮನೆ ಬೆಂಕಿ ಬಿದ್ದು ಸುಟ್ಟುಹೋಯಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಬೇಕು ಅಂತ ಆಗಲೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದಿದ್ದು. ನಮ್ಮ ದಕ್ಷಿಣ ಬೆಂಗಳೂರು ಶುರುವಾಗಿದ್ದೇ ಒಂದು ರೋಗದ ಭಯದಿಂದ. ಶುಚಿ ಅನ್ನೋದು ಆ ತಲೆಮಾರಿಗೆ ಶೋಕಿ ಆಗಿರಲಿಲ್ಲ, ಜೀವದ ಪ್ರಶ್ನೆ ಆಗಿತ್ತು.

1902ರ ಆಗಸ್ಟ್ 8ರಂದು ವೈಸರಾಯ್ ಲಾರ್ಡ್ ಕರ್ಜನ್ ಮೈಸೂರಿಗೆ ಬಂದು ಹದಿನೆಂಟು ವರ್ಷದ ಮಹಾರಾಜರಿಗೆ ಪೂರ್ತಿ ಅಧಿಕಾರ ಒಪ್ಪಿಸಿದರು. ಅದೇ ವರ್ಷ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದಿತ್ತು. 1905ಕ್ಕೆ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ. 1911ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದ್ರೆ ಇವತ್ತಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಡಿಗಲ್ಲು ಇಟ್ಟರು. ಅದಕ್ಕೆ 371 ಎಕರೆ ಜಾಗ ಕೊಟ್ಟಿದ್ದೂ ಮೈಸೂರು ಸರ್ಕಾರವೇ. ಈ ಸಂಸ್ಥೆಯನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ನಮ್ಮ ಕಥೆಗೆ ಬೇಕು.

ಈಗ ಗಂಧಕ್ಕೆ ಬರೋಣ. ಶ್ರೀಗಂಧದ ಮರ ಮೈಸೂರಿನಲ್ಲಿ ರಾಜರ ಸ್ವತ್ತು. 1792ರಲ್ಲಿ ಟಿಪ್ಪು ಸುಲ್ತಾನರು ಇದನ್ನು ರಾಜವೃಕ್ಷ ಅಂತ ಘೋಷಿಸಿದರಂತೆ, ಒಡೆಯರ ಕಾಲದಲ್ಲೂ ಅದೇ ಪದ್ಧತಿ ಮುಂದುವರಿಯಿತು. ರೈತನ ಹೊಲದಲ್ಲಿ ತಾನಾಗಿ ಹುಟ್ಟಿದ ಮರವೂ ಸರ್ಕಾರದ್ದೇ. ಕಾಯೋದು ಅವನ ಕೆಲಸ, ಕಡಿಯೋ ಹಕ್ಕು ಇವರದು. ಸುಮ್ಮನೆ ಯಾಕೆ ತಲೆನೋವು ಅಂತ ಗಂಧದ ಸಸಿ ಕಂಡ ತಕ್ಷಣ ಕಿತ್ತು ಬಿಸಾಕುತ್ತಿದ್ದವರೂ ಇದ್ದರು. ನಾಲ್ವಡಿಯವರ ಬಗ್ಗೆ ನಮಗೆ ಎಷ್ಟೇ ಗೌರವ ಇದ್ರೂ ಈ ಮಾತು ಬಿಡೋಕಾಗಲ್ಲ. ಆ ಏಕಸ್ವಾಮ್ಯವನ್ನು ಅವರು ಸಡಿಲ ಮಾಡಲಿಲ್ಲ. ಮರ ಬೆಳೆದವನಿಗೇ ಮರ ಸೇರಬೇಕು ಅಂತ ಕರ್ನಾಟಕದಲ್ಲಿ ಕಾನೂನು ತಿದ್ದುಪಡಿ ಆಗಿದ್ದು 2001ರಲ್ಲಿ. ಅಷ್ಟರಲ್ಲಿ ಕಾಡಿನ ಗಂಧ ಕಳ್ಳರ ಪಾಲಾಗಿ ಬಹುಪಾಲು ಖಾಲಿ ಆಗಿತ್ತು.

ಸರ್ಕಾರ ಆ ಮರವನ್ನು ಹರಾಜು ಹಾಕುತ್ತಿತ್ತು. ಹೆಚ್ಚಿನದು ಹೋಗುತ್ತಿದ್ದದ್ದು ಯುರೋಪಿಗೆ, ಅದರಲ್ಲೂ ಜರ್ಮನಿಗೆ. ಎಣ್ಣೆ ತೆಗೆಯೋ ವಿದ್ಯೆ ಅವರ ಕೈಲಿತ್ತು. ನಮ್ಮ ಮನೆಗಳಲ್ಲಿ ಸಾಣೆಕಲ್ಲಿನ ಮೇಲೆ ಕೊರಡು ತೇಯೋದು ಗೊತ್ತಿತ್ತೇ ಹೊರತು ಟನ್‌ಗಟ್ಟಲೆ ಮರದಿಂದ ಒಂದೇ ಗುಣಮಟ್ಟದ ಎಣ್ಣೆ ಇಳಿಸೋ ಕಾರ್ಖಾನೆ ಇರಲಿಲ್ಲ. 1914ರ ಆಗಸ್ಟಿನಲ್ಲಿ ಮಹಾಯುದ್ಧ ಶುರುವಾಯಿತು. ಜರ್ಮನಿ ಶತ್ರು ದೇಶ ಆಯಿತು, ಹಡಗು ನಿಂತಿತು, ಕೊಳ್ಳುವವರಿಲ್ಲ. ಕಡಿದ ಮರ ಡಿಪೋಗಳಲ್ಲಿ ರಾಶಿ ಬಿತ್ತು. ಗಂಧ ಅನ್ನೋದು ಮೈಸೂರಿನ ಬೊಕ್ಕಸಕ್ಕೆ ದೊಡ್ಡ ಆದಾಯ. ಇನ್ನೊಂದು ಕಡೆ ಕನ್ನಂಬಾಡಿ ಕಟ್ಟೆ ಕೆಲಸ ನಡೀತಿದೆ, ಅದು ದುಡ್ಡು ನುಂಗ್ತಿದೆ. (ಕಟ್ಟೆಗೋಸ್ಕರ ಅರಮನೆಯ ಒಡವೆಗಳನ್ನೇ ಮಾರಿದರು ಅಂತ ಮೈಸೂರು, ಮಂಡ್ಯದ ಕಡೆ ಇವತ್ತಿಗೂ ಹೇಳ್ತಾರೆ.)

ಆಗ ದಿವಾನರಾಗಿದ್ದವರು ನಮ್ಮೆಲ್ಲರ ಸರ್ ಎಂ.ವಿ. ಕೈಗಾರಿಕಾ ಇಲಾಖೆಯಲ್ಲಿ ಆಲ್ಫ್ರೆಡ್ ಚಾಟರ್ಟನ್. ಮಹಾರಾಜರ ಒಪ್ಪಿಗೆ ಸಿಕ್ಕಿ, ಕೆಲಸ ಭಾರತೀಯ ವಿಜ್ಞಾನ ಸಂಸ್ಥೆಯ ಲ್ಯಾಬಿಗೆ ಹೋಯಿತು. ಪ್ರೊಫೆಸರ್ ಸಡ್‌ಬರೋ ಮತ್ತು ವಾಟ್ಸನ್ ಅಲ್ಲಿ ಗಂಧದ ಎಣ್ಣೆ ಬಟ್ಟಿ ಇಳಿಸಿ ತೋರಿಸಿದರು. ಕೆಮಿಸ್ಟ್ರಿ ಸೈಕಲ್‌ನಲ್ಲಿ ಸ್ಟೀಮ್ ಡಿಸ್ಟಿಲೇಶನ್ ಓದಿ ಮರೆತಿರೋ ಮೊದಲ ವರ್ಷದವರಿಗೆ ಒಂದು ಮಾತು. ಮರದ ಹೊರಗಿನ ಬಿಳಿ ಭಾಗಕ್ಕೆ ವಾಸನೆ ಇಲ್ಲ. ಎಣ್ಣೆ ಇರೋದು ಒಳಗಿನ ಚೇಗಿನಲ್ಲಿ ಮತ್ತೆ ಬೇರಿನಲ್ಲಿ. ಅದನ್ನು ಪುಡಿ ಮಾಡಿ, ಹಬೆ ಹಾಯಿಸಿ, ಹಬೆ ಜೊತೆ ಮೇಲೆ ಬಂದ ಎಣ್ಣೆಯನ್ನು ತಣಿಸಿ ನೀರಿನಿಂದ ಬೇರೆ ಮಾಡಬೇಕು. ಒಳಗಿರೋ ಸ್ಯಾಂಟಲಾಲ್ ಭಾರದ ಅಣು, ಹದಿನೈದು ಕಾರ್ಬನ್ನಿನದು. ಸುಲಭಕ್ಕೆ ಹಾರಲ್ಲ, ಹಾಗಾಗಿ ಬಟ್ಟಿ ಇಳಿಸೋಕೆ ಬಹಳ ಹೊತ್ತು ಬೇಕು. ಅದೇ ಕಾರಣಕ್ಕೆ ಚರ್ಮದ ಮೇಲೆ ಗಂಟೆಗಟ್ಟಲೆ ಉಳಿಯುತ್ತೆ. ನಿಂಬೆ, ಕಿತ್ತಳೆ ವಾಸನೆ ಹತ್ತು ನಿಮಿಷಕ್ಕೆ ಓಡಿಹೋದ್ರೂ ಗಂಧ ಸಂಜೆವರೆಗೂ ಕೂತಿರುತ್ತೆ. ದೊಡ್ಡ ಸೆಂಟು ಕಂಪನಿಗಳು ಇದಕ್ಕೆ ಮುಗಿಬೀಳೋದು ಈ ಗುಣಕ್ಕಾಗಿಯೇ.

1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಮರುವರ್ಷ ಮೈಸೂರಿನಲ್ಲಿ ಇನ್ನೊಂದು. ಹಾಗೇ ಮಾರಾಟಕ್ಕೆ ಹೋಗುತ್ತಿದ್ದ ಮರ ಈಗ ಎಣ್ಣೆಯಾಗಿ ಹೋಗತೊಡಗಿತು. ಅಲ್ಲಿಗೇ ನಿಲ್ಲಿಸಿದ್ರೂ ಲಾಭವೇ. ಆದರೆ ಕಂಪನಿಯವರು ಇವತ್ತಿಗೂ ಹೇಳೋ ಒಂದು ಕಥೆ ಇದೆ. ಫ್ರಾನ್ಸಿನಿಂದ ಬಂದ ಅತಿಥಿಗಳು ಮಹಾರಾಜರಿಗೆ ಒಂದು ಉಡುಗೊರೆ ತಂದರಂತೆ, ನಮ್ಮದೇ ಗಂಧದೆಣ್ಣೆ ಹಾಕಿ ಅಲ್ಲಿ ಮಾಡಿದ ಚೆಂದದ ಸೋಪುಗಳು. ಹೊಸ ಲಕ್ಷುರಿ ಸಾಮಾನನ್ನು ಕೈಗೆ ತಗೊಂಡು ಮೂಸಿ ನೋಡಿದ ಅರಸರಿಗೆ, ಇದನ್ನು ನಾವೇ ಯಾಕೆ ಮಾಡಬಾರದು ಅನ್ನಿಸಿತಂತೆ. ಮಾಲಿನಲ್ಲಿ ಟೆಸ್ಟರ್ ಮೂಸಿದವರಲ್ಲಿ ಎಷ್ಟು ಜನಕ್ಕೆ ಹಾಗನ್ನಿಸುತ್ತೆ, ನೀವೇ ಹೇಳಿ!

ಹೀಗೆ 1918ರಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ಹುಟ್ಟಿತು. ತಂತ್ರ ಕಲಿಯೋಕೆ ಇಂಗ್ಲೆಂಡಿಗೆ ಹೋಗಿಬಂದವರು ಸೋಸಲೆ ಗರಳಪುರಿ ಶಾಸ್ತ್ರಿ ಅನ್ನೋ ರಸಾಯನಶಾಸ್ತ್ರಜ್ಞರು. ಜನ ಅವರನ್ನು ಸೋಪ್ ಶಾಸ್ತ್ರಿ ಅಂತಲೇ ಕರೆದರು. ಸೋಪು ಅಂದ್ರೆ ಆಗ ಚೌಕದ ತುಂಡು, ಇವರು ಮೊಟ್ಟೆಯಾಕಾರಕ್ಕೆ ತಿರುಗಿಸಿದರು. ಒಡವೆ ಇಡೋ ಪೆಟ್ಟಿಗೆಯ ಥರ ಡಬ್ಬಿ ಮಾಡಿಸಿದರು. ಗುರುತಾಗಿ ಆನೆಯ ತಲೆ, ಸಿಂಹದ ಮೈ ಇರೋ ಶರಭವನ್ನು ಇಟ್ಟರು. ಪ್ಯಾಕೇಜಿಂಗ್, ಬ್ರ್ಯಾಂಡಿಂಗ್ ಅಂತ ನಾವು ಎಂ.ಬಿ.ಎ. ಕನಸು ಕಾಣೋವಾಗ ಹೇಳೋ ಮಾತುಗಳೆಲ್ಲ ಆ ಡಬ್ಬಿಯಲ್ಲಿವೆ. ಆಮೇಲೆ ಜಾಹೀರಾತನ್ನು ಟ್ರಾಮ್ ಟಿಕೆಟ್ಟಿನ ಮೇಲೆ, ಬೆಂಕಿಪೊಟ್ಟಣದ ಮೇಲೆ ಹಾಕಿಸಿದರು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಮಾಡಿಸಿದರು ಅಂತಾರೆ!

ಒಂದು ಅಡ್ಡ ಮಾತು. ಆ ಕಾಲದಲ್ಲಿ ನಮ್ಮ ಮನೆಗಳ ಸ್ನಾನಕ್ಕೆ ಬೇಕಾಗಿದ್ದದ್ದು ಸೀಗೆಪುಡಿ, ಕಡಲೆಹಿಟ್ಟು, ಅರಿಶಿನ. ಮಡಿ ಇರೋ ಮನೆಗಳಲ್ಲಿ ವಿಲಾಯಿತಿ ಸೋಪಿನಲ್ಲಿ ಪ್ರಾಣಿ ಕೊಬ್ಬು ಇರುತ್ತೆ ಅಂತ ಅದನ್ನು ಮುಟ್ಟುತ್ತಿರಲಿಲ್ಲ. ದೇವರ ಮನೆಯಲ್ಲಿ ತೇಯುವ ಗಂಧವೇ ಬಚ್ಚಲಮನೆಗೆ ಬಂದಾಗ ಸೋಪಿನ ಮೇಲಿನ ಅನುಮಾನ ಅರ್ಧ ಕರಗಿರಬೇಕು ಅನ್ನೋದು ನಮ್ಮ ಊಹೆ.

1918 ಇನ್ನೊಂದು ಕಾರಣಕ್ಕೂ ಮುಖ್ಯ. ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಇನ್‌ಫ್ಲುಯೆಂಜಾ ಮಾರಿ ಮೈಸೂರು ಸೀಮೆಯನ್ನು ಹೊಕ್ಕಿತು. ಕೊರೊನಾ ಕಂಡ ನಮಗೆ ಅದು ಹೇಗಿದ್ದಿರಬಹುದು ಅಂತ ವಿವರಿಸಬೇಕಿಲ್ಲ. ಅದೇ ಹೊತ್ತಿಗೆ ಅರಮನೆಯ ಮುಂದೆ ಸೋಪಿಗಿಂತ ಬಹಳ ದೊಡ್ಡ ಪ್ರಶ್ನೆ ಬಂದು ನಿಂತಿತ್ತು. ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣರದೇ ಮೇಲುಗೈ. ಹಿಂದುಳಿದವರಿಗೂ ಜಾಗ ಬೇಕು ಅಂತ ಪ್ರಜಾಮಿತ್ರ ಮಂಡಳಿಯವರು ಮಹಾರಾಜರ ಬಳಿ ಅಹವಾಲು ತಂದರು. ನಾಲ್ವಡಿಯವರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. ಅರ್ಹತೆಯೊಂದೇ ಅಳತೆ ಆಗಬೇಕು ಅನ್ನೋ ನಿಲುವಿನ ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆ ಆಗಲಿಲ್ಲ. ಆ ವರ್ಷದ ಕೊನೆಗೆ ಅವರು ದಿವಾನಗಿರಿ ಬಿಟ್ಟರು.

ಒಂದು ಕ್ಷಣ ಯೋಚನೆ ಮಾಡಿ. 34 ವರ್ಷದ ಅರಸರು. ಕಟ್ಟೆ, ಯೂನಿವರ್ಸಿಟಿ, ಬ್ಯಾಂಕು, ಎಣ್ಣೆ, ಸೋಪು ಎಲ್ಲವನ್ನೂ ಜೊತೆಗಿದ್ದು ಕಟ್ಟಿದ, ದೇಶವೇ ಮೆಚ್ಚಿದ ದಿವಾನರು. ಅವರನ್ನು ಉಳಿಸಿಕೊಳ್ಳಬೇಕು ಅಂದ್ರೆ ಸಮಿತಿ ಬಿಡಬೇಕಿತ್ತು. ನಾಲ್ವಡಿಯವರು ಸಮಿತಿಯನ್ನು ಬಿಡಲಿಲ್ಲ. ವರದಿ 1919ರಲ್ಲಿ ಬಂತು, ಹಿಂದುಳಿದ ವರ್ಗಗಳಿಗೆ ಹುದ್ದೆ ಮೀಸಲಿಡೋ ವ್ಯವಸ್ಥೆ ಜಾರಿಯಾಯಿತು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಸರ್ ಎಂ.ವಿ. ಫೋಟೋ ಇಲ್ಲದ ಗೋಡೆ ಇರಲ್ಲ, ಸೆಪ್ಟೆಂಬರ್ 15ಕ್ಕೆ ಭಾಷಣ ತಪ್ಪಲ್ಲ. ನಾವೂ ಮಾಡ್ತೀವಿ, ಮಾಡಬೇಕು ಕೂಡ. ಆದರೆ ಈ ಒಂದು ವಿಷಯದಲ್ಲಿ ನಮ್ಮ ಕ್ಲಬ್ಬಿನ ಹೆಚ್ಚಿನವರು ಮಹಾರಾಜರ ಪಕ್ಷ. ಚರ್ಚೆ ಮಾಡೋರು ಗುರುವಾರದ ಸಭೆಗೆ ಬನ್ನಿ, ಬೋಂಡ ನಮ್ಮದು.

ಇಷ್ಟು ಲಕ್ಷುರಿಯ ಕಥೆ ಹೇಳಿದ ಮೇಲೆ ಆ ಮನುಷ್ಯ ಹೇಗಿದ್ದರು ಅನ್ನೋದೂ ಹೇಳಬೇಕು. ದಸರೆಯಲ್ಲಿ ರತ್ನಖಚಿತ ಸಿಂಹಾಸನ, ಜಂಬೂಸವಾರಿ, ಮೈತುಂಬ ಆಭರಣ, ಎಲ್ಲ ಇತ್ತು. ಉಳಿದ ದಿನ ಶಿಸ್ತಿನ, ಮಿತಭಾಷಿ ಜೀವನ. ಪೂಜೆ ಬಿಡುತ್ತಿರಲಿಲ್ಲ. ಕರ್ನಾಟಕ ಸಂಗೀತದ ಜೊತೆ ಪಾಶ್ಚಾತ್ಯ ಸಂಗೀತವನ್ನೂ ಕಲಿತಿದ್ದರು, ಹಲವು ವಾದ್ಯ ನುಡಿಸುತ್ತಿದ್ದರು. ಗಾಂಧೀಜಿ ಅವರನ್ನು ರಾಜರ್ಷಿ ಅಂತ ಕರೆದರು. ಮಕ್ಕಳಿರಲಿಲ್ಲ. 1940ರ ಮಾರ್ಚಿನಲ್ಲಿ ಯುವರಾಜರಾಗಿದ್ದ ತಮ್ಮ ಕಂಠೀರವ ನರಸಿಂಹರಾಜ ಒಡೆಯರ್ ಬೊಂಬಾಯಿಯಲ್ಲಿ ತೀರಿಕೊಂಡರು. ಅದಾಗಿ ಐದು ತಿಂಗಳೂ ಕಳೆದಿರಲಿಲ್ಲ, ಆಗಸ್ಟ್ 3ರಂದು ಬೆಂಗಳೂರು ಅರಮನೆಯಲ್ಲಿ ನಾಲ್ವಡಿಯವರೂ ಕಣ್ಮುಚ್ಚಿದರು. ವಯಸ್ಸು 56. ಪಟ್ಟ ಹೋಗಿದ್ದು ತಮ್ಮನ ಮಗ ಜಯಚಾಮರಾಜ ಒಡೆಯರಿಗೆ. ನಮ್ಮ ಜಯನಗರದ ಹೆಸರಲ್ಲಿರೋ ಜಯ ಅವರದೇ.

ಸೋಪಿನ ಕಾರ್ಖಾನೆ ಕಬ್ಬನ್ ಪಾರ್ಕಿನ ಕಡೆಯಿಂದ 1957ರಲ್ಲಿ ಯಶವಂತಪುರದ ಹತ್ತಿರದ ಈಗಿನ ಜಾಗಕ್ಕೆ ಹೋಯಿತು. 1980ರಲ್ಲಿ ಕೆ.ಎಸ್.ಡಿ.ಎಲ್. ಅನ್ನೋ ಕಂಪನಿ ಆಯಿತು. 2012ರಲ್ಲಿ ಮಿಲೇನಿಯಂ ಅಂತ ಒಂದು ಸೋಪು ತಂದರು, ಬೆಲೆ 720 ರೂಪಾಯಿ! ನಮ್ಮಲ್ಲಿ ಯಾರೂ ಅದನ್ನು ಕೊಂಡಿಲ್ಲ ಅಂತ ಹೇಳಬೇಕಿಲ್ಲ ತಾನೇ. ಮಾಮೂಲಿ ಮೈಸೂರು ಸ್ಯಾಂಡಲ್ ಮಾತ್ರ ಹಾಸ್ಟೆಲಿನ ಬಕೆಟ್ಟುಗಳಲ್ಲಿ ಈಗಲೂ ಕಾಣುತ್ತೆ. ಊರಿಂದ ಬರುವಾಗ ಅಜ್ಜಿ ಕೊಟ್ಟ ಡಬ್ಬಿ, ಸೋಪು ಮುಗಿದ ಮೇಲೂ ಬಟ್ಟೆ ನಡುವೆ ಇಟ್ಟಿರೋದು.

ದಸರಾ ರಜೆಗೆ ಊರಿಗೆ ಹೋಗದೆ ಇಲ್ಲೇ ಉಳಿಯೋರಿಗೆ ಒಂದು ದಾರಿ ಹೇಳ್ತೀವಿ. ಬನಶಂಕರಿಯಲ್ಲಾಗಲಿ ಜಯನಗರದಲ್ಲಾಗಲಿ ಹಸಿರು ಮೆಟ್ರೋ ಹತ್ತಿ ಕೂತುಬಿಡಿ. ಎಲ್ಲೂ ಬದಲಾಯಿಸೋ ಹಾಗಿಲ್ಲ. ಮೆಜೆಸ್ಟಿಕ್ ದಾಟಿ, ರಾಜಾಜಿನಗರ ದಾಟಿ ಮುಂದೆ ಹೋದ್ರೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ಅನ್ನೋ ಸ್ಟೇಷನ್ನೇ ಇದೆ. ಇಳಿದು ಒಂದೆರಡು ಸಲ ಜೋರಾಗಿ ಉಸಿರು ಎಳೆದುಕೊಳ್ಳಿ.